ಸುಂಕ ಏರಿದಾಗ ಸೂಜಿ-ದಾರದಲ್ಲಿ ಉಳಿಸಲು ಹೋಗಬೇಡಿ

ಆಮದು ಸುಂಕ ಏರಿತು ಎಂದ ಕೂಡಲೇ ಮನೆಯಲ್ಲಿ ಹೊಲಿಯುವವರು ಬಟ್ಟೆಗೆ ಕೊಟ್ಟ ಹೆಚ್ಚಿನ ದುಡ್ಡನ್ನು ಸೂಜಿ, ದಾರ, ಜಿಪ್‌ನಲ್ಲಿ ಹಿಡಿಯಲು ನೋಡುತ್ತಾರೆ. ನನ್ನ ಮಟ್ಟಿಗೆ ಇದು ಪೂರ್ತಿ ತಲೆಕೆಳಗಾದ ಲೆಕ್ಕ. ದುಬಾರಿ ಬಟ್ಟೆಯನ್ನು ಹಾಳುಮಾಡುವುದೇ ಅಗ್ಗದ ಸೂಜಿ.

ಮೊದಲು ಸುಂಕ ಹೇಗೆ ಕೂಡುತ್ತದೆ ನೋಡಿ. ಅದು ಬೀಳುವುದು ಆಮದಿನ ಬೆಲೆಯ ಮೇಲೆ, ಅಂಗಡಿ ಬೆಲೆಯ ಮೇಲಲ್ಲ. ಆಮದು ಬೆಲೆ 100, ಸುಂಕ ಶೇ. 20 ಎಂದುಕೊಳ್ಳಿ. ವ್ಯಾಪಾರಿ ಯಾವಾಗಲೂ 50 ಮಾತ್ರ ಸೇರಿಸುವವನಾದರೆ 150ರ ಮಾಲು 170 ಆಗುತ್ತದೆ. ಶೇ. 50 ಎಂದು ಲೆಕ್ಕ ಹಾಕುವವನಾದರೆ 180. ಒಂದೇ ಸುಂಕಕ್ಕೆ ಎರಡು ಅಂಗಡಿಯಲ್ಲಿ ಎರಡು ಬೆಲೆ ಬರುವುದು ಹೀಗೆ. ಇದರಲ್ಲಿ ಮೋಸ ಇರಲೇಬೇಕೆಂದಿಲ್ಲ, ಆದರೆ ನಾಲ್ಕು ಕಡೆ ವಿಚಾರಿಸಲು ಇದು ಸಾಕಷ್ಟು ಕಾರಣ.

ದರವೂ ವಸ್ತುವಿನಿಂದ ವಸ್ತುವಿಗೆ ಬೇರೆ. ಜಗತ್ತಿನ ಬಹುಪಾಲು ದೇಶಗಳ ಸುಂಕ ಪಟ್ಟಿಯಲ್ಲಿ ಪ್ರತಿ ಬಗೆಯ ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ: ಜಿಪ್ 9607, ಗುಂಡಿ 9606, ಕೈಸೂಜಿ 7319, ಹೊಲಿಗೆ ಯಂತ್ರ ಮತ್ತು ಅದರ ಸೂಜಿ 8452. ಹಾಗಾಗಿ ಬಟ್ಟೆಗೆ ಸುಂಕ ಏರಿದ ಮಾತ್ರಕ್ಕೆ ಯಂತ್ರದ ಸೂಜಿಗೂ ಏರಿದೆ ಎಂದಾಗುವುದಿಲ್ಲ. ಇನ್ನೊಂದು ಮಾತು: ದೇಶವಾರು ಸುಂಕ ನೋಡುವುದು ಮಾಲು ತಯಾರಾದ ದೇಶವನ್ನು, ಬ್ರ್ಯಾಂಡಿನ ತವರನ್ನಲ್ಲ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿರುವ ದೇಶದ ಹೆಸರು ಓದಿ.

ಹೊರದೇಶದಿಂದ ಚಿಕ್ಕ ಪಾರ್ಸೆಲ್ ತರಿಸುವವರಿಗೆ ಪೆಟ್ಟು ಜೋರು. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳ ಮಾಲಿಗೂ ನಿಲ್ಲಿಸಲಾಯಿತು. ಅನೇಕ ದೇಶಗಳು ಸಾಗಣೆ ಖರ್ಚನ್ನೂ ಸೇರಿಸಿಯೇ ಸುಂಕ ಹಾಕುತ್ತವೆ. ಇದರ ಮೇಲೆ ಕೊರಿಯರ್‌ನವರ ನಿಗದಿತ ಶುಲ್ಕ ಬೇರೆ. ಒಂದು ಪೊಟ್ಟಣ ಸೂಜಿಗೂ ಇಪ್ಪತ್ತು ಪೊಟ್ಟಣಕ್ಕೂ ಆ ಶುಲ್ಕ ಅಷ್ಟೇ ಆಗಿದ್ದರೆ, ನಾಲ್ಕೈದು ಜನ ಸೇರಿ ಒಟ್ಟಿಗೆ ತರಿಸುವುದು ಲೇಸು.

ಈಗ ಸೂಜಿಯ ವಿಷಯ. ಇವತ್ತಿನ ಬಹುತೇಕ ಮನೆಯಂತ್ರಗಳಿಗೆ ಹೊಂದುವುದು 130/705 H ಎಂಬ ಮಾದರಿಯ ಸೂಜಿ. ಅದರಲ್ಲಿ ತೆಳು ಬಟ್ಟೆಗೆ 70/10 ಗಾತ್ರ, ಸಾಧಾರಣ ಹತ್ತಿಗೆ 80/12, ದಪ್ಪಕ್ಕೆ 90/14, ಜೀನ್ಸ್‌ಗೆ 100/16. ಹಿಗ್ಗುವ ಬಟ್ಟೆಗೆ ಬಾಲ್‌ಪಾಯಿಂಟ್, ಅಂದರೆ ದುಂಡು ತುದಿಯ ಸೂಜಿ ಬೇಕೇ ಬೇಕು. ಇಲ್ಲದಿದ್ದರೆ ಹೊಲಿಗೆ ತಪ್ಪುತ್ತದೆ, ಎಳೆ ಕತ್ತರಿಸಿ ತೂತು ಬೀಳುತ್ತದೆ. ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಿ. ತುದಿ ಮೊಂಡಾಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಬಟ್ಟೆಗೆ ಚುಚ್ಚುವಾಗ ಟಪ್ ಟಪ್ ಸದ್ದು ಬಂದರೆ ಅದೇ ಸೂಚನೆ.

ದಾರ ಕೊಳ್ಳುವಾಗ ಒಂದು ಗೇಣು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಅಲ್ಲಲ್ಲಿ ಗಂಟು, ಉದ್ದಕ್ಕೂ ಜುಂಗು ಕಂಡರೆ ಬೇಡ. ಆ ಜುಂಗು ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಡಿಸ್ಕಿನಲ್ಲಿ, ಕೆಳದಾರ ಕೂರುವ ಬಾಬಿನ್ ಕೇಸಿನಲ್ಲಿ ಕೂತು ಕೆಳಗಿನ ಹೊಲಿಗೆಯನ್ನು ಕೆಡಿಸುತ್ತದೆ. ಆಗ ಯಂತ್ರ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವವರನ್ನು ನೋಡಿದರೆ ಸಂಕಟವಾಗುತ್ತದೆ.

ಹಾಗಾದರೆ ಉಳಿಸುವುದೆಲ್ಲಿ? ಬಟ್ಟೆಯ ಲೆಕ್ಕದಲ್ಲಿ. ಮೀಟರ್ ಬೆಲೆ ನೋಡಿ ಹೋಲಿಸಬೇಡಿ, ಪನ್ನ (ಬಟ್ಟೆಯ ಅಗಲ) ನೋಡಿ. 44 ಇಂಚು ಪನ್ನದ ಎರಡೂವರೆ ಮೀಟರೂ 58 ಇಂಚು ಪನ್ನದ 1.9 ಮೀಟರೂ ಹೆಚ್ಚುಕಡಿಮೆ ಒಂದೇ, ಸುಮಾರು 2.8 ಚದರ ಮೀಟರ್. ಕೊಳ್ಳುವ ಮೊದಲೇ ಪ್ಯಾಟರ್ನ್ ತುಂಡುಗಳನ್ನು ಆ ಪನ್ನದಷ್ಟು ಅಗಲಕ್ಕೆ ನೆಲದ ಮೇಲೆ ಹರಡಿ ಅಳೆಯಿರಿ. ಹತ್ತಿ ಬಟ್ಟೆಗೆ ಶೇ. 5 ಕುಗ್ಗುವಿಕೆ ಸೇರಿಸಿ. ಎರಡೂವರೆ ಮೀಟರ್ ಬೇಕಿದ್ದರೆ 2.65 ತನ್ನಿ, ಒಗೆದ ಮೇಲೆಯೇ ಕತ್ತರಿಸಿ.

ಅಗ್ಗದ ಜಿಪ್ ಕೊಳ್ಳದೆಯೂ ಜಿಪ್‌ನಲ್ಲಿ ಉಳಿಸಬಹುದು. ಹಳೆಯ ಬಟ್ಟೆಯ ಜಿಪ್ ಬಿಚ್ಚಿಡಿ. ನೈಲಾನ್ ಜಿಪ್ ಉದ್ದವಾಯಿತೇ? ಸ್ಲೈಡರ್ ಮೇಲಕ್ಕೆ ಎಳೆದಿಟ್ಟು, ಬೇಕಾದ ಉದ್ದದಲ್ಲಿ ಹಲ್ಲುಗಳ ಮೇಲೆ ಗಟ್ಟಿ ದಾರದಿಂದ ಕೈಯಲ್ಲೇ ಎಂಟು-ಹತ್ತು ಸಲ ಸುತ್ತಿ ಹೊಲಿದು, ಅದರ ಕೆಳಗೆ ಒಂದೂವರೆ ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಲೋಹದ ಜಿಪ್‌ಗೆ ಹೀಗೆ ಮಾಡಬೇಡಿ, ಮೊದಲು ಇಕ್ಕಳದಿಂದ ಹಲ್ಲು ಕೀಳಬೇಕು.

ಬೆಲೆ ಏರುವ ಮುಂಚೆ ತುಂಬಿಟ್ಟುಕೊಳ್ಳುವ ಆಸೆ ಸಹಜ. ಸೂಜಿ, ಗುಂಡಿ, ಜಿಪ್ ಒಣ ಜಾಗದಲ್ಲಿ ವರ್ಷಗಟ್ಟಲೆ ಇರುತ್ತವೆ. ಎಲಾಸ್ಟಿಕ್ ಮಾತ್ರ ಒಂದು ವರ್ಷಕ್ಕೆ ಬೇಕಾದಷ್ಟೇ ಸಾಕು, ಒಳಗಿನ ರಬ್ಬರ್ ಕೂತಲ್ಲೇ ಸತ್ವ ಕಳೆದುಕೊಳ್ಳುತ್ತದೆ. ಬಟ್ಟೆ ಗಟ್ಟಿ ನಿಲ್ಲಲೆಂದು ಒಳಗೆ ಇಸ್ತ್ರಿಯಿಂದ ಅಂಟಿಸುವ, ಅಂಟು ಹಚ್ಚಿದ ಫ್ಯೂಸಿಂಗ್ ಕ್ಯಾನ್ವಾಸ್ ಹಳೆಯದಾದರೆ ಇಸ್ತ್ರಿಗೆ ಸರಿಯಾಗಿ ಹಿಡಿಯದೆ ಹೋಗಬಹುದು. ಕಟ್ಟು ಕಟ್ಟಿ ತಂದಿಟ್ಟವರು ಹೊಲಿಯುವ ಮೊದಲು 10 ಸೆಂ.ಮೀ. ಚೌಕದ ತುಂಡನ್ನು ಅಂಟಿಸಿ, ಆರಿದ ಮೇಲೆ ಮೂಲೆ ಎಳೆದು ನೋಡಿ.