ಕನ್ನಡದ್ದೂ ಮೂರು ಸೇರಿಸಿ

ಭಾರತದ ಕಥೆ ಹೇಳೋ ಕಾದಂಬರಿ ಯಾವುದು ಓದಲಿ ಅಂತ ಕೇಳಿದವರಿಗೆ ಕೊಟ್ಟ ಒಂದು ಪಟ್ಟಿ ನೋಡಿದೆ; ಅದರಲ್ಲಿ ಎಲ್ಲವೂ ಇಂಗ್ಲಿಷಿನವೇ. ಕನ್ನಡಕ್ಕೆ ಬರೋರು ನೇರ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹಿಡೀತಾರೆ, ನೂರು ಪುಟಕ್ಕೇ ಕೈಬಿಡ್ತಾರೆ. ತೊಡಕು ಭಾಷೆಯದ್ದಲ್ಲ, ಒಬ್ಬ ನಾಯಕನನ್ನು ಹುಡುಕೋದು; ಅಲ್ಲಿ ಅಂಥವನೇ ಇಲ್ಲ. ಒಂದು ಚೀಟಿಯಲ್ಲಿ ಸಿಂಬಾವಿ, ಬೆಟ್ಟಹಳ್ಳಿ, ಕೋಣೂರು, ಹಳೆಮನೆ ಅಂತ ಕಥೆಯ ಊರುಗಳ ಹೆಸರು ಬರೆದು, ಯಾರು ಎಲ್ಲಿಯವರು ಅಂತ ಕೆಳಗೆ ಗುರುತು ಹಾಕ್ಕೊಳ್ಳಿ. ಸಿಂಬಾವಿಯ ಆಳು ನಾಯಿಗುತ್ತಿ, ಅವನ ನಾಯಿ 'ಹುಲಿಯ' ಹೋದ ದಾರಿ ಹಿಡಿದರೆ ಮಿಕ್ಕವರು ತಾವಾಗೇ ಸಿಗ್ತಾರೆ.

ಅದಕ್ಕೂ ಮೊದಲು ಕಾರಂತರ 'ಮರಳಿ ಮಣ್ಣಿಗೆ' ಆಗಲಿ: ಕರಾವಳಿಯ ಒಂದೇ ಕುಟುಂಬ, ಮೂರು ತಲೆಮಾರು. ಪುರುಸೊತ್ತಿಲ್ಲವಾ? ಅನಂತಮೂರ್ತಿಯವರ 'ಸಂಸ್ಕಾರ' (1965), ಎರಡು ಸಂಜೆಯ ಓದು. ಕನ್ನಡ ಬಾರದವರಿಗೆ ಎ.ಕೆ. ರಾಮಾನುಜನ್ ಇಂಗ್ಲಿಷ್ ಅನುವಾದವಿದೆ, ಅದರ ಕೊನೆಯ ಟಿಪ್ಪಣಿಯನ್ನು ಮಾತ್ರ ಮೊದಲೇ ತೆರೆಯಬೇಡಿ, ಕಥೆ ಬಿಟ್ಟುಕೊಡುತ್ತೆ.