ಅಪ್ಪ-ಅಮ್ಮ ಅಮೆರಿಕಕ್ಕೆ ಬಂದಾಗ: ಅರ್ಜೆಂಟ್ ಕೇರ್‌ಗೋ, ಎಮರ್ಜೆನ್ಸಿಗೋ?

ಊರಿಂದ ಅಪ್ಪ-ಅಮ್ಮ ಬಂದಿಳಿದ ವಾರವೇ ಎರಡು ವಿಳಾಸ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಒಂದು ಹತ್ತಿರದ ಅರ್ಜೆಂಟ್ ಕೇರ್ (ಪ್ರಾಣಾಪಾಯವಿಲ್ಲದ ತೊಂದರೆಗೆ ನೇರ ಹೋಗಿ ತೋರಿಸುವ ಕ್ಲಿನಿಕ್), ಇನ್ನೊಂದು ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ. ಎರಡೂ ನಿಮ್ಮ ವಿಸಿಟರ್ ಇನ್ಶೂರೆನ್ಸ್‌ನ ನೆಟ್‌ವರ್ಕ್‌ನಲ್ಲಿವೆಯಾ ಅಂತ ಆಗಲೇ ನೋಡಿ. ಗಾಬರಿಯಲ್ಲಿ ಹುಡುಕುವ ಕೆಲಸ ಅಲ್ಲ ಇದು.

ಗಂಟಲು ನೋವು, ಕಿವಿನೋವು, ಉರಿಮೂತ್ರ, ಉಳುಕಿದ ಕಾಲಿಗೆಲ್ಲ ಅರ್ಜೆಂಟ್ ಕೇರ್ ಸಾಕು. ಅಪಾಯಿಂಟ್‌ಮೆಂಟ್ ಬೇಡ. ಎಕ್ಸ್‌ರೇ, ಮೂತ್ರ ಪರೀಕ್ಷೆ, ಹೊಲಿಗೆ ಬಹುತೇಕ ಕಡೆ ಇರುತ್ತವೆ, ಸಿಟಿ ಸ್ಕ್ಯಾನ್ ಸಾಮಾನ್ಯವಾಗಿ ಇರುವುದಿಲ್ಲ. ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಂಡರೆ ಶುದ್ಧ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ಬಟ್ಟೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ. ರಕ್ತ ನಿಂತರೆ ಹೊಲಿಗೆಗೆ ಅಂದೇ ಹೋಗಿ, ನಾಳೆಗೆ ಬೇಡ. ಕೊನೆಯ ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಕೇಳುತ್ತಾರೆ. ಒತ್ತಿದರೂ ರಕ್ತ ನಿಲ್ಲದಿದ್ದರೆ ಎಮರ್ಜೆನ್ಸಿ.

ಉರಿಮೂತ್ರದ ಜೊತೆ ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ವಾಂತಿ ಇದ್ದರೆ ಅಥವಾ ಅಮ್ಮ ಏನೇನೋ ಮಾತಾಡುತ್ತಿದ್ದರೆ ಅದೂ ಎಮರ್ಜೆನ್ಸಿಯೇ.

ನನಗೆ ಹೆಚ್ಚು ಭಯ ಎದೆನೋವಿನ ವಿಷಯದಲ್ಲಿ. ನಮ್ಮ ಹಿರಿಯರು "ಗ್ಯಾಸ್ಟ್ರಿಕ್ ಇರಬೇಕು ಬಿಡೋ, ಜೀರಿಗೆ ಕಷಾಯ ಕುಡಿದರೆ ಹೋಗುತ್ತೆ" ಅನ್ನುತ್ತಾರೆ, ಮಗನ ದುಡ್ಡು ಖರ್ಚಾದೀತು ಅಂತ ಸುಮ್ಮನಿರುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೃದಯಾಘಾತವಾದರೂ ಎದೆನೋವು ಅಷ್ಟಾಗಿ ಇರದೆ ಬರೀ ಬೆವರು, ಸುಸ್ತು, ಉಸಿರಾಟದ ತೊಂದರೆ ಕಾಣಬಹುದು. ಇಂಥ ಹೊತ್ತಲ್ಲಿ ನೇರ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಅರ್ಜೆಂಟ್ ಕೇರ್‌ಗೆ ಹೋದರೆ ಅವರೂ ಆಂಬುಲೆನ್ಸ್ ಕರೆಸಿ ಎಮರ್ಜೆನ್ಸಿಗೇ ಕಳಿಸುತ್ತಾರೆ, ಹೊತ್ತು ಹೋಗಿರುತ್ತದೆ. ಬಾಯಿ ಸೊಟ್ಟಗಾಗಿ ಮಾತು ತೊದಲಿದರೂ ಹಾಗೆಯೇ, ಅದು ಪಾರ್ಶ್ವವಾಯು (ಸ್ಟ್ರೋಕ್) ಇರಬಹುದು. ರಕ್ತದ ಗಡ್ಡೆ ಕರಗಿಸುವ ಔಷಧಿಯನ್ನು ಲಕ್ಷಣ ಶುರುವಾಗಿ ಸುಮಾರು 4.5 ಗಂಟೆಯೊಳಗೆ ಕೊಡಬೇಕು. ಹಾಗಾಗಿ ಯಾವಾಗ ಶುರುವಾಯಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಸಿಟಿ ಸ್ಕ್ಯಾನ್ ಇರುವಲ್ಲಿಗೇ ಹೋಗಬೇಕು.

ಬೋರ್ಡನ್ನು ಸರಿಯಾಗಿ ಓದಿ. ಟೆಕ್ಸಾಸ್‌ನಂಥ ಕಡೆ ಅಂಗಡಿ ಸಾಲಿನಲ್ಲೇ ಅರ್ಜೆಂಟ್ ಕೇರ್‌ನಂತೆ ಕಾಣುವ ಎಮರ್ಜೆನ್ಸಿ ಕೇಂದ್ರಗಳಿವೆ. ಗಂಟಲು ನೋವಿಗೆ ಒಳಗೆ ಹೋದರೂ ಬಿಲ್ ಎಮರ್ಜೆನ್ಸಿ ದರದ್ದೇ.

ಮಾತ್ರೆ ಪಟ್ಟಿ ಮಾಡುವಾಗ ನಮ್ಮ ಬ್ರ್ಯಾಂಡ್ ಹೆಸರು ಬರೆದರೆ ಅಲ್ಲಿ ತಿಳಿಯುವುದಿಲ್ಲ. ಡೋಲೋ 650 ಎದುರು ಅಸಿಟಮಿನೋಫೆನ್ 650 ಮಿಲಿಗ್ರಾಂ, ಎಕೋಸ್ಪ್ರಿನ್ 75 ಎದುರು ಆಸ್ಪಿರಿನ್ 75 ಮಿಲಿಗ್ರಾಂ ಅಂತ ಬರೆಯಿರಿ, ಸ್ಟ್ರಿಪ್ಪಿನ ಫೋಟೋ ಇರಲಿ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು ಬರಬೇಕು. ಆಗಸ್ಟ್ 5ನ್ನು 05/08 ಅಂತ ಬರೆದರೆ ಅವರಿಗೆ ಅದು ಮೇ 8, ಇನ್ಶೂರೆನ್ಸ್ ದಾಖಲೆಗೆ ತಾಳೆಯಾಗದೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ.

1986ರ ಕಾನೂನಿನ ಪ್ರಕಾರ ಆಸ್ಪತ್ರೆಯ ಎಮರ್ಜೆನ್ಸಿ ದುಡ್ಡಿಲ್ಲ ಅನ್ನುವ ಕಾರಣಕ್ಕೆ ತಪಾಸಣೆ, ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಅರ್ಜೆಂಟ್ ಕೇರ್‌ನಲ್ಲಾದರೆ ಕೈಯಿಂದ ಕಟ್ಟುವ ದರ ಎಷ್ಟು ಅಂತ ಮೊದಲೇ ಕೇಳಿ. ಹೊರಡುವ ಮುನ್ನ ಪ್ರತಿ ಪರೀಕ್ಷೆಯ ದರ ಬಿಡಿಬಿಡಿಯಾಗಿರುವ ಬಿಲ್, ಡಾಕ್ಟರ ಟಿಪ್ಪಣಿ ಎರಡನ್ನೂ ಕೇಳಿ ಪಡೆಯಿರಿ. ಕ್ಲೇಮಿಗೂ ಬೇಕು, ಊರಿನ ಡಾಕ್ಟರಿಗೆ ತೋರಿಸಲಿಕ್ಕೂ ಬೇಕು.