ಗಣಿ ಮುಚ್ಚಿತು, ಊರನ್ನೂ ಮುಚ್ಚಬೇಕಿತ್ತಾ?

ಜರ್ಮನಿಯ ಎಸ್ಸೆನ್‌ನಲ್ಲಿ ಝೋಲ್‌ಫೆರೈನ್ ಅನ್ನುವ ಹಳೇ ಕಲ್ಲಿದ್ದಲು ಗಣಿ ಇದೆ. ಅಲ್ಲಿ ನಮ್ಮ ಗುಂಪಿಗೆ ಗೈಡ್ ಆಗಿ ಬಂದವರು ವಯಸ್ಸಾದವರು, ಗಣಿಯಲ್ಲೇ ದುಡಿದವರು. ಮುಂಗೈ ಮೇಲೆ ಸಣ್ಣ ಸಣ್ಣ ನೀಲಿ ಗೆರೆಗಳಿದ್ದವು. ಹಚ್ಚೆಯಲ್ಲ. ಗಾಯದೊಳಗೆ ಕಲ್ಲಿದ್ದಲಿನ ಪುಡಿ ಸೇರಿ ಹಾಗೇ ಮಾಯ್ದರೆ ಆ ಬಣ್ಣ ಹೋಗುವುದೇ ಇಲ್ಲವಂತೆ. ನಾನು ಕರ್ನಾಟಕದವನು, ಬೆಂಗಳೂರಿನ ರಾಜ್ಯ ಅಂದ ಕೂಡಲೇ ಅವರ ಮುಖ ಅರಳಿತು. "ಹಾಗಾದರೆ ಕೋಲಾರ ನಿಮ್ಮದೇ! ಮೂರು ಕಿಲೋಮೀಟರಿಗೂ ಆಳ! ನೋಡಲು ಹೋದವರನ್ನು ಎಲ್ಲಿಯವರೆಗೆ ಇಳಿಸುತ್ತಾರೆ?"

ಇಳಿಸುವುದಿಲ್ಲ, ಒಳಗೆ ನೀರು ತುಂಬಿದೆ ಅಂದೆ. ಮ್ಯೂಸಿಯಂ? ಹೇಳಿಕೊಳ್ಳುವಂಥದ್ದಿಲ್ಲ ಅಂದೆ. ಮೇಲಿನ ಗಾಲಿ, ಯಂತ್ರ? ಕೆಲವು ನಿಂತಿವೆ, ಗೇಟಿಗೆ ಬೀಗ ಹಾಕಿದ್ದಾರೆ ಅಂದೆ. ಅವರು ಸುಮ್ನೆ ತಲೆಯಾಡಿಸಿ ಮುಂದಕ್ಕೆ ನಡೆದರು. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಕೆಜಿಎಫ್ ನನ್ನೂರಲ್ಲ. ಆದರೆ ಎಸ್ಸೆನ್ ಇರುವ ಈ ರೂರ್ ಸೀಮೆಯಲ್ಲಿ ಬದುಕುವವನಿಗೆ ಅದು ನೆನಪಾಗದೆ ಇರುವುದಿಲ್ಲ. ಎರಡೂ ನೆಲದಡಿಯ ಸಂಪತ್ತನ್ನು ನಂಬಿ ಬೆಳೆದ ಸೀಮೆಗಳು, ಅದು ಕೈಕೊಟ್ಟಾಗ ಕುಸಿದವು. ಝೋಲ್‌ಫೆರೈನ್‌ನಲ್ಲಿ ಅಗೆತ ಶುರುವಾಗಿದ್ದು 1847ರಲ್ಲಿ, ಮುಚ್ಚಿದ್ದು 1986ರ ಡಿಸೆಂಬರಿನಲ್ಲಿ. ಕೋಲಾರಕ್ಕೆ ಜಾನ್ ಟೇಲರ್ ಕಂಪನಿ ಬಂದಿದ್ದು 1880ರಲ್ಲಿ, ಗಣಿ ನಿಂತಿದ್ದು 2001ರ ಫೆಬ್ರವರಿ 28ಕ್ಕೆ. ಅದೇ 2001ರ ಡಿಸೆಂಬರಿನಲ್ಲಿ ಝೋಲ್‌ಫೆರೈನ್ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಒಂದೇ ವರ್ಷ. ಅಲ್ಲಿ ಬೀಗ, ಇಲ್ಲಿ ಪಟ್ಟ.

ಇವರು ಮಾಡಿದ್ದಾದರೂ ಏನು? ಮೊದಲಿಗೆ, ಕೆಡವಲಿಲ್ಲ. ಗುಜರಿಗೆ ಹಾಕಿ ಅಂದವರು ಇಲ್ಲೂ ಇದ್ದರು. ರಾಜ್ಯ ಸರ್ಕಾರ ಜಾಗವನ್ನು ಕೊಂಡುಕೊಂಡಿತು, ಸ್ಮಾರಕ ಅಂತ ಘೋಷಿಸಿತು. 1989ರಿಂದ 1999ರವರೆಗೆ ಇಲ್ಲೇ ಹರಿಯುವ ಎಂಷರ್ ನದಿಯ ಆಸುಪಾಸಿನ ಊರುಗಳನ್ನೆಲ್ಲ ಸೇರಿಸಿ ಹತ್ತು ವರ್ಷದ ಒಂದು ಯೋಜನೆ ನಡೆಸಿದರು. ಸುಣ್ಣಬಣ್ಣ ಬಳಿದು ಚಂದ ಮಾಡುವ ಗೋಜಿಗೆ ಹೋಗಲಿಲ್ಲ. ತುಕ್ಕು ಹಿಡಿದ ಕಬ್ಬಿಣ ತುಕ್ಕು ಹಿಡಿದೇ ನಿಂತಿದೆ.

ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡಕ್ಕೆ ಹೊರಗಿನಿಂದ ಕಿತ್ತಳೆ ಬಣ್ಣದ ಎಸ್ಕಲೇಟರ್ ಹಾಕಿದ್ದಾರೆ. ಅದು 24 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಟಿಕೆಟ್ ಕೊಡುವುದು ಅಲ್ಲಿ ಮೇಲೆ. ಅಲ್ಲಿಂದ ಒಂದೊಂದೇ ಮಹಡಿ ಇಳಿಯುತ್ತಾ ಮ್ಯೂಸಿಯಂ ನೋಡಬೇಕು. ಯಾಕೆ ಈ ಉಲ್ಟಾ ದಾರಿ? ಕಲ್ಲಿದ್ದಲೂ ಹಾಗೇ ಮೇಲಿಂದ ಕೆಳಗೆ ಇಳಿಯುತ್ತಾ ಬೇರ್ಪಡುತ್ತಿತ್ತು. ನೋಡುಗನನ್ನು ಕಲ್ಲಿದ್ದಲಿನ ದಾರಿಯಲ್ಲೇ ಇಳಿಸುತ್ತಾರೆ. ಪಕ್ಕದಲ್ಲಿ ಕಲ್ಲಿದ್ದಲನ್ನು ಕಾಯಿಸಿ ಕೋಕ್ ಅನ್ನುವ ಇಂಧನ ಮಾಡುತ್ತಿದ್ದ ಒಲೆಗಳ ಸಾಲಿದೆ. ಚಳಿಗಾಲದಲ್ಲಿ ಅದರ ಮಗ್ಗುಲಿಗೇ ಮಂಜುಗಡ್ಡೆ ಹಾಸಿ ಸ್ಕೇಟಿಂಗ್ ಆಡಿಸುತ್ತಾರೆ. ಬೇಸಿಗೆಗೆ ಕಂಟೇನರ್‌ಗಳನ್ನು ಬೆಸೆದು ಮಾಡಿದ ಈಜುಕೊಳ. ಡುಯಿಸ್‌ಬುರ್ಗ್‌ನಲ್ಲಂತೂ 1985ರಲ್ಲಿ ನಿಂತುಹೋದ ಕಬ್ಬಿಣದ ಕಾರ್ಖಾನೆಯನ್ನೇ ಪಾರ್ಕ್ ಮಾಡಿದ್ದಾರೆ. ಹಳೇ ಗ್ಯಾಸ್ ಟ್ಯಾಂಕಿಗೆ ನೀರು ತುಂಬಿಸಿ ಜನರಿಗೆ ಡೈವಿಂಗ್ ಕಲಿಸುತ್ತಾರೆ. ಮೊದಲ ಸಲ ಕೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅನಿಸಿತ್ತು.

ಎಂಷರ್ ನದಿ ನೂರು ವರ್ಷಕ್ಕೂ ಜಾಸ್ತಿ ಕಾಲ ತೆರೆದ ಚರಂಡಿಯಾಗಿತ್ತು. ಮೂವತ್ತು ವರ್ಷದ ಕೆಲಸ, ಐನೂರು ಕೋಟಿ ಯೂರೋಗೂ ಹೆಚ್ಚು ಖರ್ಚು. 2021ರ ಕೊನೆಯಿಂದ ಅದಕ್ಕೆ ಕೊಳಚೆ ಸೇರುತ್ತಿಲ್ಲ. (ವೃಷಭಾವತಿಯ ಮಾತು ಇಲ್ಲಿ ಬೇಡ.)

ಈಗ ನಮ್ಮ ಕಡೆ ನೋಡಿ. ಕೋಲಾರದ ಗಣಿಗಾಗಿ ಶಿವನಸಮುದ್ರದಿಂದ ಕರೆಂಟು ಎಳೆದಿದ್ದು 1902ರಲ್ಲಿ, ಬೆಂಗಳೂರಿಗಿಂತ ಮುಂಚೆ. ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ. ಯಂತ್ರ, ಬಂಗಲೆ, ಕ್ಲಬ್ಬು, ಕಾರ್ಮಿಕರ ಲೈನ್ ಮನೆಗಳು, ಕಥೆ ಹೇಳುವ ಜನ, ಎಲ್ಲವೂ ಇತ್ತು. ಊರಿಗೆ ಹೊಸ ಹೆಸರು ಕಟ್ಟಬೇಕಾದ ಕಷ್ಟವೂ ಇರಲಿಲ್ಲ. ಕೆಜಿಎಫ್ ಅಂದರೆ ಈಗ ದೇಶಕ್ಕೆಲ್ಲ ಗೊತ್ತು. ಹೆಸರು ಕೇಳಿ ಬಂದವನಿಗೆ ಕಾಣಿಸುವುದು ಸೈನೈಡ್ ದಿಬ್ಬಗಳು. ಚಿನ್ನ ತೆಗೆದು ಉಳಿದ ಬೂದುಬಣ್ಣದ ಹುಡಿಯ ಗುಡ್ಡಗಳು. ಗಾಳಿ ಬೀಸಿದರೆ ಆ ಹುಡಿ ನೇರ ಮನೆಯೊಳಗೆ.

ಆ ದಿಬ್ಬಗಳನ್ನು ಏನು ಮಾಡಬೇಕು ಅಂತ ಸರ್ಕಾರ ಯೋಚಿಸಿಲ್ಲ ಅನ್ನುವ ಹಾಗಿಲ್ಲ. 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ಯಾವುದಕ್ಕೆ? ಅದರಲ್ಲಿ ಉಳಿದಿರಬಹುದಾದ ಚಿನ್ನವನ್ನು ಇನ್ನೊಮ್ಮೆ ತೆಗೆಯಲು! ನನಗೆ ಸಿಟ್ಟು ಬರುವುದು ಇಲ್ಲೇ. ಸೊರಗಿದ ಊರಿನ ಮುಂದೆ ನಿಂತಾಗ ರೂರ್‌ನವರು ಇಲ್ಲಿ ಯಾರು ದುಡಿದಿದ್ದರು ಅಂತ ಕೇಳಿದರು. ನಾವು ಇನ್ನೇನು ಉಳಿದಿದೆ ಅಂತ ಕೇಳುತ್ತೇವೆ.

ಏನೂ ಉಳಿದಿಲ್ಲವಾದರೆ ಬೋರ್ಡು ಬದಲಿಸುತ್ತೇವೆ. 2014ರ ನವೆಂಬರ್ 1ಕ್ಕೆ ಒಂದೇ ಏಟಿಗೆ ಹನ್ನೆರಡು ಊರುಗಳ ಹೆಸರು ತಿದ್ದಿದೆವು. ಅದು ಭಾಷೆಯ ಪ್ರಶ್ನೆ, ನನಗೂ ಖುಷಿಯಾಗಿತ್ತು. ಆದರೆ 2025ರಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಮಾಡಿದ್ದು? ಬೆಂಗಳೂರು ಅನ್ನುವ ಹೆಸರು ಅಂಟಿಸಿದರೆ ಬಂಡವಾಳ ತಾನಾಗಿ ಹರಿದುಬರುತ್ತದೆ ಅನ್ನುವ ಲೆಕ್ಕ. ಬರಲೂಬಹುದು, ಸೈಟಿನ ರೇಟಂತೂ ಏರುತ್ತದೆ. ಆದರೆ ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ, ಬಂಡೆಬೆಟ್ಟ, ರಣಹದ್ದು ಎಲ್ಲವೂ ಒಂದು ದಿಕ್ಕಿನ ಹೆಸರಿನೊಳಗೆ ಕರಗಿಹೋಗುತ್ತವೆ, ಅಲ್ವಾ?

ಇಷ್ಟೆಲ್ಲ ಬರೆದ ಮೇಲೆ ಇಲ್ಲಿನ ಹುಳುಕನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಝೋಲ್‌ಫೆರೈನ್‌ನಿಂದ ಟ್ರಾಮ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಗೆಲ್ಸೆನ್‌ಕಿರ್ಷೆನ್ ಸಿಗುತ್ತದೆ. ಜರ್ಮನಿಯಲ್ಲಿ ನಿರುದ್ಯೋಗ ಅತಿ ಹೆಚ್ಚಿರುವ ಊರುಗಳಲ್ಲಿ ಅದೂ ಒಂದು. ಬಾಗಿಲು ಹಾಕಿದ ಅಂಗಡಿಗಳ ಸಾಲು ಅಲ್ಲೂ ಇದೆ. ಗಣಿಗಳು ಹೋದ ಮೇಲೆ ಬೋಕುಮ್‌ನವರಿಗೆ ಆಸರೆಯಾಗಿದ್ದ ನೋಕಿಯಾ ಕಾರ್ಖಾನೆ 2008ರಲ್ಲಿ, ಓಪೆಲ್ ಕಾರಿನ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿದವು. ಮ್ಯೂಸಿಯಂ ಎಷ್ಟೇ ಚಂದ ಇದ್ದರೂ ಸಾವಿರಾರು ಜನರಿಗೆ ಸಂಬಳ ಕೊಡುವುದಿಲ್ಲ.

ಇನ್ನು ದುಡ್ಡು. ನಷ್ಟದ ಗಣಿಗಳನ್ನು ಜರ್ಮನಿ ದಶಕಗಳ ಕಾಲ ಸಬ್ಸಿಡಿ ಕೊಟ್ಟು ನಿಧಾನವಾಗಿ ಇಳಿಸಿತು. ರೂರ್‌ನ ಕೊನೆಯ ಗಣಿ ಮುಚ್ಚಿದ್ದು 2018ರ ಡಿಸೆಂಬರಿನಲ್ಲಿ. ಅಗೆದು ಅಗೆದು ನೆಲ ಎಷ್ಟು ಕುಸಿದಿದೆ ಅಂದರೆ ಪಂಪ್ ನಿಲ್ಲಿಸಿದರೆ ಕೆಲವು ಬಡಾವಣೆಗಳು ಕೆರೆಯಾಗುತ್ತವೆ. ಆ ಪಂಪುಗಳು ಎಂದೆಂದಿಗೂ ಓಡಲೇಬೇಕು, ಅದರ ಖರ್ಚಿಗೆ ಅಂತಲೇ 2007ರಲ್ಲಿ ಪ್ರತಿಷ್ಠಾನ ಕಟ್ಟಿದ್ದಾರೆ. ನಷ್ಟದಲ್ಲಿದ್ದ ನಮ್ಮ ಸರ್ಕಾರಿ ಗಣಿಗೆ ಇಂಥ ಭಾಗ್ಯ ಎಲ್ಲಿಂದ ಬರಬೇಕು?

ಕೆಜಿಎಫ್ ಸತ್ತೂ ಇಲ್ಲ. ಬೆಮೆಲ್ ಕಾರ್ಖಾನೆ ನಡೆಯುತ್ತಿದೆ. ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ ಬರುವವರು ಊರನ್ನು ಎತ್ತಿ ಹಿಡಿದಿದ್ದಾರೆ. ಹೆಚ್ಚಿನವರ ಮನೆಮಾತು ತಮಿಳು. ಅವರ ಅಜ್ಜ ಮುತ್ತಜ್ಜಂದಿರು ಕೂಲಿಗಾಗಿ ಬಂದವರು. ಚಿನ್ನದ ನಾಡು ಅಂತ ಎದೆ ತಟ್ಟಿಕೊಂಡ ನಾವು ಆ ಜನರನ್ನು ನಮ್ಮವರು ಅಂದಿದ್ದು ಕಡಿಮೆ. ಬೀಗ ಬಿದ್ದಾಗ ಉಳಿದ ಕರ್ನಾಟಕ ಅಷ್ಟು ತಣ್ಣಗಿದ್ದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ. ರೂರ್‌ಗೂ ಪೋಲೆಂಡಿನಿಂದ, ಟರ್ಕಿಯಿಂದ ಕೂಲಿಗೆ ಬಂದವರಿದ್ದರು. ಅವರಿಗೂ ಇಲ್ಲಿ ಸುಖವಿರಲಿಲ್ಲ. ಆದರೂ ಮ್ಯೂಸಿಯಂನಲ್ಲಿ ಅವರ ಕಥೆಗೂ ಜಾಗ ಇದೆ.

ಹಾಗಾಗಿ ಎಸ್ಕಲೇಟರ್, ಈಜುಕೊಳ ಯಾವುದೂ ಬೇಡ. ದಿಬ್ಬ ಜಾಲಿಸುವ ಟೆಂಡರಿನಲ್ಲೇ ಒಂದು ಷರತ್ತು ಸೇರಿಸಲಿ. ಒಂದು ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಮೇಲ್ಕಟ್ಟನ್ನು ಹಾಗೇ ಉಳಿಸಬೇಕು, ಅದರ ಗೇಟು ತೆರೆಯಬೇಕು, ಒಳಗೆ ಇಳಿದು ಬಂದವರನ್ನೇ ಸಂಬಳ ಕೊಟ್ಟು ಗೈಡ್ ಆಗಿ ಇಟ್ಟುಕೊಳ್ಳಬೇಕು. ಕೊನೆಯ ಪಾಳಿಯಲ್ಲಿ ದುಡಿದವರೂ ಈಗ ನಿವೃತ್ತಿಯ ವಯಸ್ಸಿನ ಆಸುಪಾಸಿನಲ್ಲಿದ್ದಾರೆ. ಇನ್ನೊಂದು ಹತ್ತು ವರ್ಷ ತಡಮಾಡಿದರೆ ಕೆಲಸ ಕೊಡಲು ಎಷ್ಟು ಜನ ಸಿಗುತ್ತಾರೋ.